ನಿಂಬೆವ್ವನ ಹಳದಿ ಎಳೆ

ನಿಂಬೆವ್ವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗ, ಚಹಾ ಕುಡಿಯುವಾಗ, ಬಾಗಿಲಿಗೆ ಒರಗಿ ತೂಕಡಿಸುವಾಗಲೂ ಅವೆರಡೂ ಒಂದಕ್ಕೊಂದು ಉಜ್ಜಿಕೊಳ್ಳುತ್ತ, ಕಾಣದ ಯಾವುದೋ ದಾರವನ್ನು ಹೊಸೆಯುತ್ತಲೇ ಇರುತ್ತಿದ್ದವು. ಮೊದಲ ಸಲ ನೋಡಿದಾಗ ಈ ಮುದುಕಿಗೆ ನಶ್ಯದ ಚಟವಿರಬೇಕು ಎಂದುಕೊಂಡೆ. ನನ್ನ ತಿಳಿವಳಿಕೆಯ ಮಟ್ಟ ಆಗ ಅಷ್ಟೇ ಇತ್ತು.

ನನಗೆ ಇಪ್ಪತ್ಮೂರು ತುಂಬಿತ್ತು. ನಮ್ಮ ಕಂಪ್ಯೂಟರ್ ಕಂಪನಿಯ ಯಜಮಾನರು ನನ್ನನ್ನು ಒಬ್ಬಳನ್ನೇ ನಂಬಿ ಕಳಿಸಿದ ಮೊದಲ ಕೆಲಸ ಅದು. ಮನೆಮನೆಯಲ್ಲೂ ಮಗ್ಗ ಸದ್ದು ಮಾಡುವ ಊರು. ಅಲ್ಲಿನ ನೇಕಾರರ ಸಂಘ ಒಂದು ವಿನ್ಯಾಸದ ಕೋಣೆ ಕಟ್ಟಿಸಿತ್ತು. ಸೀರೆಯ ಅಂಚು, ಸೆರಗುಗಳ ನಕ್ಷೆಯನ್ನು ಅಲ್ಲಿಯವರೆಗೆ ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದ ಎಂಟು ಜನ ಹೆಂಗಸರು ಇನ್ನು ಮುಂದೆ ಪರದೆಯ ಮೇಲೆ ಬರೆಯಬೇಕಿತ್ತು. ಎಂಟು ಮೇಜು, ಎಂಟು ಪರದೆ, ಎಂಟು ಪುಟ್ಟ ಪೆಟ್ಟಿಗೆ. ಹಿಂದಿನ ಸಣ್ಣ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಯಂತ್ರ. ಇವೆಲ್ಲವನ್ನೂ ಕೇಬಲ್ಲಿನಿಂದ ಕೂಡಿಸಿ, ದೊಡ್ಡದಕ್ಕೂ ಚಿಕ್ಕವಕ್ಕೂ ಮಾತು ಬೆಳೆಸಿ ಬರುವುದು ನನ್ನ ಪಾಲಿನ ಕೆಲಸ. ನನಗಿದ್ದದ್ದು ಆರು ದಿನ. ಏಳನೆಯ ದಿನ ಕೈಮಗ್ಗ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು.

ಕೋಣೆಯ ಕೀಲಿ ನಿಂಬೆವ್ವನ ಸೊಂಟದಲ್ಲಿತ್ತು. ಕಸ ಹೊಡೆಯುವುದು, ನೀರು ತುಂಬಿಡುವುದು, ಬಾಗಿಲು ತೆಗೆದು ಹಾಕುವುದು ಆಕೆಯ ಕೆಲಸ. ಅದಕ್ಕೂ ಮುಂಚೆ ನಲವತ್ತು ವರ್ಷ ಆಕೆ ಕೆಚ್ಚುವವಳಾಗಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಬೂದಿಯಲ್ಲಿ ಬೆರಳು ಅದ್ದಿಕೊಂಡು, ಎರಡು ತುದಿ ಹಿಡಿದು, ಒಂದು ಸಲ ಉಜ್ಜಿದರೆ ಮುಗಿಯಿತು. ಅದನ್ನೇ ಅಲ್ಲಿ ಕೆಚ್ಚುವುದು ಎನ್ನುತ್ತಿದ್ದರು. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ಒಂದು ಹೆಚ್ಚುಕಡಿಮೆಯಾದರೂ ನೇಯ್ಗೆಯಲ್ಲಿ ಗೆರೆ ಬೀಳುತ್ತದೆ. ಕಣ್ಣಿಗೆ ಪೊರೆ ಬಂದು ಕೆಚ್ಚುವ ಕೆಲಸ ನಿಂತಮೇಲೆ, ಸಂಘದ ಹೆಂಗಸರೇ ಹಟ ಹಿಡಿದು ಆಕೆಗೆ ಈ ಕೀಲಿ ಕೊಡಿಸಿದ್ದರು.

ಕಾರ್ಯದರ್ಶಿ ಪರಪ್ಪನಿಗೆ ಅದು ಒಪ್ಪಿಗೆಯಿರಲಿಲ್ಲ. ನಾನು ಬಂದ ದಿನವೇ, ನಿಂಬೆವ್ವನ ಎದುರಿಗೇ, ಬೆರಳು ಎತ್ತಿ ಹೇಳಿದ. "ನೋಡ್ರೀ ಮೇಡಂ, ಈ ಯಮ್ಮಗ ಕಣ್ಣು ಸರಿಯಾಗಿ ಕಾಣ್ಸಂಗಿಲ್ಲ. ಹೆಣ್ಮಕ್ಕಳು ಗಂಟು ಬಿದ್ರು ಅಂತ ಇಟಗೊಂಡೀನಿ. ಸಾಹೇಬ್ರು ಬಂದು ಹೋಗೂ ತನಕ ನೋಡ್ತೀನಿ. ವೈರಿನಾಗ ಕೈ ಹಾಕಿ ಏನರ ಎಡವಟ್ಟ ಮಾಡಿದ್ಲೋ, ಅವತ್ತ ಕೀಲಿ ಇಸಗೊಂಡು ಮನೀಗಿ ಕಳಸ್ತೀನಿ."

ಆತ ಹೋದಮೇಲೆ ನಿಂಬೆವ್ವ ನಕ್ಕಳು. "ಮನೀಗಿ ಹೋಗಾಕ ನನಗೇನು ಅಂಜಿಕಿಲ್ಲ ತಂಗಿ. ನನ್ನ ತಮ್ಮನ ಮಗಳು ಬಂಗಾರದಂಥಾಕಿ, ಕೂಡಿಸಿ ಉಣ್ಣಾಕ ಹಾಕ್ತಾಳ. ಅದ ತ್ರಾಸು. ಕಣ್ಣು ಹೋದ್ರ ಹೋಗ್ಲಿ, ಈ ಕೈ ಸುಮ್ನ ಕುಂತುವಂದ್ರ ನಾ ಸತ್ತಂಗ." ಆ ಎರಡು ಬೆರಳು ಹೊಸೆಯುತ್ತಲೇ ಇದ್ದವು.

ಮರುದಿನ ನಾನು ಕೇಬಲ್ಲಿನ ತುದಿಗೆ ಪ್ಲಗ್ಗು ಕೂಡಿಸುತ್ತ ಕೂತಿದ್ದೆ. ಒಂದು ಕೇಬಲ್ಲಿನೊಳಗೆ ಎಂಟು ಸಣ್ಣ ತಂತಿ, ಎಂಟು ಬಣ್ಣ. ಜೋಡಿಜೋಡಿಯಾಗಿ ತಿರುಚಿದ ಅವನ್ನು ಬಿಡಿಸಿ, ನೆಟ್ಟಗೆ ಮಾಡಿ, ಬಣ್ಣದ ಕ್ರಮ ತಪ್ಪದಂತೆ ಪ್ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಅದುಮಬೇಕು. ನಾನು ಮಾಡಿದ ಮೂರರಲ್ಲಿ ಎರಡು ಕೆಟ್ಟಿದ್ದವು. ಯಜಮಾನರನ್ನೂ ತಂತಿ ಮಾಡಿದವನನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ನಿಂಬೆವ್ವ ಪೊರಕೆ ಬದಿಗಿಟ್ಟು ಹತ್ತಿರ ಬಂದು ಕೂತಳು.

"ಏನದು, ಅಷ್ಟು ಶಾಪ ಹಾಕಾಕತ್ತಿ? ಇಲ್ಲಿ ಕೊಡು."

"ಬೇಡ ನಿಂಬೆವ್ವ, ಬಣ್ಣ ನೋಡಿ ಜೋಡಿಸಬೇಕು. ನಿಮಗೆ ಕಾಣೋಲ್ಲ."

"ಬಣ್ಣ ನೀ ನೋಡು. ಸಾಲು ನಾ ಹಿಡೀತೀನಿ."

ನಾನು ಬಣ್ಣ ಹೇಳಿ ಒಂದೊಂದೇ ತಂತಿ ಕೊಟ್ಟೆ. ಆಕೆ ಅದನ್ನು ಎರಡು ಬೆರಳಲ್ಲಿ ಎಳೆದು ನೆಟ್ಟಗೆ ಮಾಡಿ, ಒಂದರ ಪಕ್ಕ ಒಂದು ಮಲಗಿಸಿದಳು. ಎಂಟೂ ಸೇರಿದಾಗ ಅದೊಂದು ಸಣ್ಣ ಪಟ್ಟಿಯ ಹಾಗಾಗಿತ್ತು. ನಾನು ಪ್ಲಗ್ಗಿಗೆ ತೂರಿಸಲು ಹೋದರೆ ಆಕೆ ಪಟ್ಟಿಯ ತುದಿಗೆ ಬೆರಳಾಡಿಸಿ, "ತಡಿ ತಡಿ, ಕಡೀದು ಒಂದು ಗಿಡ್ಡ ಐತಿ, ಮುಟ್ಟಂಗಿಲ್ಲ" ಎಂದಳು. ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ನಿಜವಾಗಿಯೂ ಕೂದಲೆಳೆಯಷ್ಟು ಗಿಡ್ಡವಿತ್ತು. ನನ್ನೆರಡು ಒಳ್ಳೆಯ ಕಣ್ಣಿಗೆ ಕಾಣದ್ದು ಆಕೆಯ ಬೆರಳಿಗೆ ಕಂಡಿತ್ತು!

ಆಮೇಲೆ ನಮ್ಮ ಕೆಲಸ ಓಡಿತು. ಆಕೆ ಕೂಡಿಸಿದ ಪ್ರತಿ ಕೇಬಲ್ಲಿನ ತುದಿಗೂ ಸೆರಗಿನ ಗಂಟಿನಿಂದ ಒಂದು ಹಳದಿ ಎಳೆ ತೆಗೆದು ಕಟ್ಟುತ್ತಿದ್ದಳು. ಅದೇನು ಎಂದು ಕೇಳಿದೆ.

"ನನ್ನ ಗುರುತು. ಕೆಚ್ಚೂ ಹೆಂಗಸ್ರು ಒಬ್ಬೊಬ್ಬರದು ಒಂದೊಂದು ಬಣ್ಣ. ಹಾಸು ಕೆಚ್ಚಿ ಮುಗಿಸಿದಮ್ಯಾಲ ಅಂಚಿಗೆ ಕಟ್ಟಿ ಬರ್ತೀವಿ. ಈ ಊರಾಗ ಹಳದಿ ಅಂದ್ರ ನಿಂಬೆವ್ವ."

ಚಿತ್ರ ಬರೆದವರು ಮೂಲೆಯಲ್ಲಿ ರುಜು ಹಾಕುತ್ತಾರಲ್ಲ, ಹಾಗೆ ಇದೂ ಒಂದು ಹೆಮ್ಮೆ ಎಂದು ನಾನು ತಿಳಿದೆ. ಅರ್ಧ ತಿಳಿದದ್ದಕ್ಕೆ ಆಮೇಲೆ ದಂಡ ತೆತ್ತೆ.

ನಾಲ್ಕನೆಯ ದಿನ ಪ್ರತಿ ಪೆಟ್ಟಿಗೆಗೂ ಒಂದೊಂದು ವಿಳಾಸ ಕೊಟ್ಟು, ಆ ಅಂಕಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದಿಡುತ್ತಿದ್ದೆ. "ಮನಿ ನಂಬರ್ ಹಾಕಾಕತ್ತಿ ಏನು?" ಎಂದಳು. ಹೌದೆಂದೆ. ಈ ಪೆಟ್ಟಿಗೆಗಳೊಳಗೆ ಸ್ವಂತದ್ದು ಏನೂ ಇಲ್ಲ, ಬರೆದದ್ದೆಲ್ಲ ಹಿಂದಿನ ಕೋಣೆಯ ಯಂತ್ರದಲ್ಲೇ ಇರುತ್ತದೆ, ಯಾವ ಮೇಜಿಗೆ ಕೂತು ಹೆಸರು ಕೊಟ್ಟರೂ ನಿನ್ನೆ ಅರ್ಧಕ್ಕೆ ಬಿಟ್ಟ ನಕ್ಷೆ ಅಲ್ಲೇ ತೆರೆದುಕೊಳ್ಳುತ್ತದೆ ಎಂದು ವಿವರಿಸಿದೆ. ಆಕೆ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಹಂಗಾದ್ರ ಇವೆಲ್ಲ ಬರೇ ಕಿಟಕಿ. ಮನಿ ಒಳಗೈತಿ."

ನನಗೆ ಪಾಠ ಹೇಳಿದ ಮೇಷ್ಟ್ರು ಇದನ್ನೇ ಹೇಳಲು ಒಂದು ವಾರ ತೆಗೆದುಕೊಂಡಿದ್ದರು.

ಆರನೆಯ ದಿನ ಮಧ್ಯಾಹ್ನ ಎಂಟೂ ಪರದೆಗಳು ಬೆಳಗಿದವು. ನಕ್ಷೆ ಬರೆಯುವ ಹೆಂಗಸರು ಬಂದು ಕೂತು ತಮ್ಮ ತಮ್ಮ ಹೆಸರು ಒತ್ತಿದರು. ಸುಲೋಚನಾ ಎಂಬಾಕೆ ಮೊದಲ ಮೇಜಿನಲ್ಲಿ ಅರ್ಧ ಅಂಚು ಬರೆದು, ಎದ್ದು ಹೋಗಿ ಎಂಟನೆಯ ಮೇಜಿನಲ್ಲಿ ಹೆಸರು ಒತ್ತಿದಳು. ಅದೇ ಅರ್ಧ ಅಂಚು ಅಲ್ಲಿ ಬಂತು! ಎಲ್ಲರೂ ಕೇಕೆ ಹಾಕಿದರು. ನಿಂಬೆವ್ವ ಹಿಂದಿನ ಕೋಣೆಯಲ್ಲಿ, ಕೇಬಲ್ಲುಗಳೆಲ್ಲ ಬಂದು ಸೇರುವ ಹದಿನಾರು ಕಿಂಡಿಯ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಅಲ್ಲಿ ಮಿನುಗುವ ಹಸಿರು ದೀಪಗಳು ಮಾತ್ರ ಆಕೆಯ ಕಣ್ಣಿಗೂ ಕಾಣುತ್ತಿದ್ದವು. "ಮಾತಾಡಾಕತ್ತಾವ" ಎಂದಳು.

ಆ ಖುಷಿಯಲ್ಲಿ ನಾನೊಂದು ಕೆಲಸ ಅರ್ಧಕ್ಕೆ ಬಿಟ್ಟೆ. ಮುಂದೆಂದಾದರೂ ಒಂಬತ್ತನೆಯ ಮೇಜು ಬಂದರೆ ಇರಲಿ ಎಂದು ನಿಂಬೆವ್ವ ಕೂಡಿಸಿಕೊಟ್ಟ ಇನ್ನೊಂದು ಕೇಬಲ್ಲಿತ್ತು. ಅದರ ಒಂದು ತುದಿಯನ್ನು ಕಿಂಡಿಗೆ ಹಾಕಿ, ಇನ್ನೊಂದನ್ನು ಹಾಗೇ ಜೋತು ಬಿಟ್ಟು ಹೋದೆ.

ಮರುದಿನ ಹತ್ತಕ್ಕೆ ನಾನು ಹೊಸ ಸೀರೆಯುಟ್ಟು, ತಲೆಗೆ ಹೂ ಮುಡಿದು ಬಂದರೆ ಎಂಟೂ ಪರದೆಗಳು ಸತ್ತು ಬಿದ್ದಿದ್ದವು. ಹೆಸರು ಒತ್ತಿದರೆ ಉತ್ತರವಿಲ್ಲ. ಸಾಹೇಬರು ಹನ್ನೊಂದಕ್ಕೆ ಬರುವವರು. ಪರಪ್ಪ ಬಾಗಿಲಿಗೂ ಮೇಜಿಗೂ ಓಡಾಡುತ್ತ, "ನಿನ್ನಿ ಕುಣದು ಕುಪ್ಪಳಿಸಿದ್ರೆಲ್ಲಾ, ಈಗೇನು ಬಡಕೊಂಡೈತ್ರಿ ಇವಕ್ಕ?" ಎಂದು ಕೂಗುತ್ತಿದ್ದ. ಪೆಟ್ಟಿಗೆಗಳನ್ನು ಆರಿಸಿ ಹೊತ್ತಿಸಿದೆ. ದೊಡ್ಡ ಯಂತ್ರವನ್ನು ಆರಿಸಿ ಹೊತ್ತಿಸಿದೆ. ವಿಳಾಸಗಳನ್ನೆಲ್ಲ ಮತ್ತೊಮ್ಮೆ ತಾಳೆ ನೋಡಿದೆ. ಎಲ್ಲ ಸರಿಯಿತ್ತು, ಯಾವುದೂ ನಡೆಯುತ್ತಿರಲಿಲ್ಲ. ನಿಂಬೆವ್ವ ನೀರಿನ ಲೋಟ ಹಿಡಿದು ನನ್ನ ಹಿಂದೆ ಹಿಂದೆ ಬರುತ್ತಿದ್ದಳು. "ಒಂದು ಗುಟುಕು ಕುಡಿ ತಂಗಿ. ಎಲ್ಲೋ ಒಂದು ಎಳಿ ತಪ್ಪಿರ್ತೈತಿ, ಸಿಗ್ತೈತಿ."

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ನನ್ನ ಕಣ್ಣು ಆ ಹಸಿರು ದೀಪಗಳ ಮೇಲೆ ಬಿತ್ತು. ಒಂದೊಂದಾಗಿ ಮಿನುಗಬೇಕಾದವು ಎಲ್ಲವೂ ಒಟ್ಟಿಗೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು. ಮಂಡಿಯೂರಿ ಹಿಂದೆ ಕೈಹಾಕಿದೆ. ಜೋತು ಬಿಟ್ಟಿದ್ದ ಆ ಒಂಬತ್ತನೆಯ ಕೇಬಲ್ಲು ಈಗ ಜೋತಾಡುತ್ತಿರಲಿಲ್ಲ. ಅದರ ಎರಡನೆಯ ತುದಿಯೂ ಅದೇ ಪೆಟ್ಟಿಗೆಯ ಇನ್ನೊಂದು ಕಿಂಡಿಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಹೀಗಾದರೆ ಹೊರಗೆ ಹೋದ ಮಾತು ತಿರುಗಿ ಒಳಗೆ ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ, ಗದ್ದಲ ಬೆಳೆದು ಬೆಳೆದು ಬೇರೆ ಯಾರ ಮಾತಿಗೂ ದಾರಿಯೇ ಇಲ್ಲದಂತಾಗುತ್ತದೆ. ಆ ತುದಿಗೆ ಹೊಸದೊಂದು ಹಳದಿ ಎಳೆ ಕಟ್ಟಿತ್ತು.

ಬೆಳಿಗ್ಗೆ ಕಸ ಹೊಡೆಯುವಾಗ ಬೆರಳಿಗೆ ಜೋತಾಡುವ ತುದಿ ಸಿಕ್ಕಿದೆ. ನಲವತ್ತು ವರ್ಷ ಒಂದೂ ತುದಿಯನ್ನು ಕೂಡಿಸದೆ ಬಿಟ್ಟವಳಲ್ಲ. ಪಕ್ಕದಲ್ಲೇ ಖಾಲಿ ಕಿಂಡಿ ಸಿಕ್ಕಿದೆ. ಇಷ್ಟೇ ನಡೆದದ್ದು ಎಂದು ನನಗೆ ಅಲ್ಲೇ ಹೊಳೆಯಿತು.

ತುದಿ ಕಿತ್ತೆ. ದೀಪಗಳು ತಣ್ಣಗಾದವು. ಹೊರಗೆ ಪರದೆಗಳು ಬಂದುವೆಂದು ಸುಲೋಚನಾ ಕೂಗಿದಳು. ನಾನು ಹಳದಿ ಎಳೆಯನ್ನು ಬಿಚ್ಚಿ ಚೀಲದೊಳಗೆ ಹಾಕಿಕೊಂಡೆ. ಪರಪ್ಪ ಬಾಗಿಲಲ್ಲೇ ನಿಂತಿದ್ದ.

"ಏನಾಗಿತ್ರೀ?"

"ನನ್ನದೇ ತಪ್ಪು ಸರ್. ಒಂದು ಕೇಬಲ್ ತಪ್ಪು ಕಡೆ ಹಾಕಿದ್ದೆ."

ನಿಂಬೆವ್ವ ಬಾಗಿಲಲ್ಲಿ ಅವನ ಬೆನ್ನಿಗೇ ನಿಂತಿದ್ದಳು.

ತಪಾಸಣೆ ಚೆನ್ನಾಗಿಯೇ ನಡೆಯಿತು. ಸಾಹೇಬರು ಮೆಚ್ಚಿದರು, ಪೇಡೆ ತಿಂದರು, ಹೋದರು. ಅವರ ಗಾಡಿ ತಿರುವು ದಾಟುವುದನ್ನೇ ಕಾಯುತ್ತಿದ್ದ ಪರಪ್ಪ ಎಲ್ಲರೆದುರು ನನಗೆ ಹೇಳಿದ. "ನಿಮ್ಮ ಯಜಮಾನರಿಗೆ ಪತ್ರ ಬರೀತೀನಿ. ಇನ್ನ ಮುಂದ ಕೆಲಸ ಗೊತ್ತಿದ್ದವರನ್ನ ಕಳಸ್ರಿ ಅಂತೀನಿ." ನಾನು ತಲೆ ತಗ್ಗಿಸಿದೆ. ಅವಮಾನದಿಂದ ಕಣ್ಣು ತುಂಬಿತ್ತು, ನಿಜ. ಆದರೆ ಒಳಗೊಳಗೇ ದೊಡ್ಡದೇನೋ ತ್ಯಾಗ ಮಾಡಿದ ಜಂಬವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಸಾಮಾನು ಕಟ್ಟಲು ಹಿಂದಿನ ಕೋಣೆಗೆ ಹೋದರೆ ನಿಂಬೆವ್ವ ಕೇಬಲ್ಲುಗಳ ಮೇಲೆ ಕೈಯಾಡಿಸುತ್ತಿದ್ದಳು. ಒಂಬತ್ತನೆಯದು ಆಕೆಯ ಅಂಗೈಯಲ್ಲಿತ್ತು.

"ಇದರಾಗಿನ ನನ್ನ ಎಳಿ ಎಲ್ಲಿ?"

"ಬಿದ್ದು ಹೋಗಿರಬೇಕು."

"ನಾ ಹಾಕಿದ ಗಂಟು ಬೀಳಂಗಿಲ್ಲ."

ಆಕೆ ಕೇಬಲ್ಲನ್ನು ಕೆಳಗಿಡಲಿಲ್ಲ. ಕೊನೆಗೆ ಎಲ್ಲ ಹೇಳಿದೆ, ಎರಡೂ ತುದಿ ಒಂದೇ ಪೆಟ್ಟಿಗೆಗೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ಆಕೆ ಹಣೆಗೆ ಕೈ ಹಚ್ಚಿಕೊಂಡಳು.

"ಹಾಸಿನ ತುದೀನ ಅದ ಹಾಸಿಗೆ ತಿರುಗಿ ಕೆಚ್ಚಿದಂಗಾತು. ಥೂ! ಎಂಥಾ ಕೆಲಸ ಮಾಡಿದ್ನಿ."

"ಪರವಾಗಿಲ್ಲ ನಿಂಬೆವ್ವ. ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಎಳೆ ತೆಗೆದೆ."

ಆಗ ಆಕೆಯ ಮುಖ ಬದಲಾಯಿತು. ಅಷ್ಟು ದಿನದಲ್ಲಿ ಆಕೆ ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ.

"ಯಾರಿಗೂ ಗೊತ್ತಾಗಬಾರದಂತ ಆ ಎಳಿ ಕಟ್ತೀವೇನು? ಎಂಥಾ ಹುಡುಗಿ ಇದ್ದಿ ನೀ! ಚಂದ ಕಾಣ್ಲಿ ಅಂತ ಕಟ್ಟಂಗಿಲ್ಲ ಅದನ್ನ. ನಾಳೆ ಮಗ್ಗದಾಗ ಎಳಿ ತಪ್ಪಿತು ಅಂದ್ರ ಆ ಮನಿಯವರು ಅಂಚು ನೋಡ್ತಾರ. ಹಳದಿ ಐತಿ, ನಿಂಬೆವ್ವನ್ನ ಕರೀರಿ ಅಂತಾರ. ನಟ್ಟನಡು ಊಟದಾಗಿದ್ರೂ ಎದ್ದು ಹೋಗಿ ಸರಿ ಮಾಡಿ ಬರ್ಬೇಕು. ಆ ಎಳಿ ಅಂದ್ರ ನಾ ಬರ್ತೀನಂತ ಕೊಟ್ಟ ಮಾತು. ನೀ ನನ್ನ ಮಾತನ್ನ ಬಿಚ್ಚಿ ಚೀಲಕ್ಕ ಹಾಕ್ಕೊಂಡಿ."

ನನ್ನ ಜಂಬವೆಲ್ಲ ಇಳಿದು ಹೋಯಿತು. ಚೀಲದಿಂದ ಎಳೆ ತೆಗೆದು ಆಕೆಯ ಅಂಗೈಗೆ ಇಟ್ಟೆ. ತಪ್ಪಾಯಿತು ಎಂದೆ. "ಬಿಟ್ಟ ತುದಿ ನಿಂದು, ಕೂಡಿಸಿದ ಕೈ ನಂದು. ಬಾ" ಎಂದು ನನ್ನ ಮುಂಗೈ ಹಿಡಿದು ಹೊರಗೆ ನಡೆದಳು.

ಪರಪ್ಪ ಮೇಜಿಗೆ ಒರಗಿ ಪೇಡೆ ತಿನ್ನುತ್ತಿದ್ದ. ಹೆಂಗಸರೆಲ್ಲ ಇದ್ದರು. ನಿಂಬೆವ್ವ ಅವನೆದುರು ನಿಂತು ಹೇಳಿದಳು. "ಪರಪ್ಪ, ಮುಂಜಾನಿ ಯಂತ್ರ ನಿಂತಿದ್ದು ನನ್ನ ಕೈಯಿಂದ. ಈ ಹುಡುಗಿ ಸುಳ್ಳು ಹೇಳ್ಯಾಳ. ಆಕಿ ಯಜಮಾನರಿಗೆ ಪತ್ರ ಬರೀಬ್ಯಾಡ."

ಪರಪ್ಪ ಪೇಡೆ ಕೆಳಗಿಟ್ಟ. "ನಾ ಮೊದಲ ಹೇಳಿದ್ನೆಲ್ಲ. ನಾಳೆ ಮತ್ತ ಹಿಂಗ ಆಗಂಗಿಲ್ಲಂತ ಏನು ಖಾತ್ರಿ?"

"ಆಗ್ತೈತಿ ತಗಿ. ಕೈ ಆಡಿದಲ್ಲೆ ತಪ್ಪು ಆಗ್ತೈತಿ. ಆದ್ರ ಯಾರ್ನ ಕರೀಬೇಕಂತ ಗೊತ್ತಿರ್ತೈತಿ. ನಿಮ್ಮವ್ವನ ಮಗ್ಗದಾಗೂ ಒಮ್ಮೆ ನನ್ನ ಎಳಿ ತಪ್ಪಿತ್ತು. ನೀ ಆಗ ಇಷ್ಟುದ್ದ ಇದ್ದಿ, ಓಡಿ ಬಂದು ಕರದಿದ್ದಿ. ಬಂದಿದ್ನಿಲ್ಲೋ?"

ಪರಪ್ಪ ಕೈಯನ್ನು ಮುಂದೆ ಚಾಚಿದ. ನಿಂಬೆವ್ವ ಸೊಂಟದ ಕೀಲಿ ಬಿಚ್ಚಿ ಅವನ ಕೈಗಿಟ್ಟು, ಬಾಗಿಲು ತಡವಿಕೊಂಡು ಹೊರಗೆ ಹೋದಳು. ಹೋಗುವಾಗ ಆ ಎರಡು ಬೆರಳು ಸುಮ್ಮನಿದ್ದವು. ನನ್ನಿಂದ ಅದನ್ನು ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ನನ್ನ ಬಸ್ಸು. ಹೋಗುವ ದಾರಿಯಲ್ಲಿ ಒಮ್ಮೆ ಕೋಣೆಯ ಕಡೆ ತಿರುಗಿದೆ. ಬಾಗಿಲು ತೆರೆದಿತ್ತು. ಅಂಗಳಕ್ಕೆ ಆಗತಾನೆ ನೀರು ಹೊಡೆದಿತ್ತು. ಓಡಿ ಒಳಗೆ ಹೋದರೆ ನಿಂಬೆವ್ವ ಹಿಂದಿನ ಕೋಣೆಯಲ್ಲಿ ನೆಲಕ್ಕೆ ಕೂತು ಎಳೆ ಕಟ್ಟುತ್ತಿದ್ದಳು.

"ನಿಂಬೆವ್ವಾ! ಕೀಲಿ?"

"ಹೊತ್ತು ಹುಟ್ಟೂದರೊಳಗ ಮನಿ ಮುಂದ ಬಂದು ಕೊಟ್ಟು ಹ್ವಾದ. ಮಾತಿಲ್ಲ ಕತಿ ಇಲ್ಲ." ಆಮೇಲೆ ದನಿ ತಗ್ಗಿಸಿ ನಕ್ಕಳು. "ಅವರವ್ವ ಇನ್ನಾ ಗಟ್ಟಿ ಅದಾಳ. ರಾತ್ರಿ ಜಾಡಿಸಿರ್ಬೇಕು."

ಮೊದಲನೆಯ ಮೇಜಿನ ಕೇಬಲ್ಲಿಗೆ ಒಂದು ಗಂಟಿನ ಹಳದಿ ಎಳೆ, ಎರಡನೆಯದಕ್ಕೆ ಎರಡು ಗಂಟು, ಹಾಗೆ ಎಂಟರವರೆಗೆ. ಬೆರಳಾಡಿಸಿದರೆ ಯಾವುದು ಯಾವ ಮೇಜಿನದೆಂದು ತಿಳಿಯುತ್ತಿತ್ತು. ಒಂಬತ್ತನೆಯದನ್ನು ಸುರುಳಿ ಸುತ್ತಿ, ಒಂಬತ್ತು ಗಂಟು ಹಾಕಿ, ಮೊಳೆಗೆ ತೂಗುಹಾಕಿದ್ದಳು. ದೊಡ್ಡ ಯಂತ್ರದಿಂದ ಬರುವ ಕೇಬಲ್ಲೊಂದು ಮಾತ್ರ ಬರಿದಾಗಿತ್ತು. ಅದನ್ನು ನಾನೊಬ್ಬಳೇ ಕೂಡಿಸಿದ್ದೆ.

"ಅದು ನಿಂದು. ನೀ ಕೂಡಿಸಿದ್ದಕ್ಕ ನೀ ಕಟ್ಟು." ಸೆರಗಿನ ಗಂಟು ಬಿಚ್ಚಿ ನಾಲ್ಕಾರು ಬಣ್ಣದ ಎಳೆಗಳನ್ನು ಮುಂದೆ ಹಿಡಿದಳು. "ಯಾವ್ದು ಬೇಕು ಆರಿಸ್ಕೋ. ಆರಿಸ್ಕೊಂಡಮ್ಯಾಲ ಬದಲಿ ಮಾಡಂಗಿಲ್ಲ ಮತ್ತ."

ನಾನು ನೀಲಿ ಆರಿಸಿಕೊಂಡೆ. ನನ್ನ ಗಂಟು ಮೂರು ಸಲ ಜಾರಿತು. ಆಕೆ ನನ್ನ ಬೆರಳುಗಳನ್ನು ತನ್ನ ಬೆರಳಲ್ಲಿ ಹಿಡಿದು ನಾಲ್ಕನೆಯ ಸಲ ಹಾಕಿಸಿದಳು. ಎಂಟೂವರೆಯ ಬಸ್ಸು ತಪ್ಪಿತು, ಇಬ್ಬರೂ ಕೂತು ಚಹಾ ಕುಡಿದೆವು.

ಅಂದಿನಿಂದ ಎಲ್ಲಿ ಕೇಬಲ್ಲು ಕೂಡಿಸಿದರೂ ನೀಲಿ ಎಳೆ ಕಟ್ಟಿ ಬಂದಿದ್ದೇನೆ. ಜೊತೆಯವರು ನಗುತ್ತಿದ್ದರು, ಹರಕೆಯೇನು ಎಂದು ಕೇಳುತ್ತಿದ್ದರು. ಕೇಳಲಿ ಬಿಡಿ ಎಂದುಕೊಂಡೆ.

ಏಳೆಂಟು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಕಚೇರಿಗೆ ನನ್ನ ಹೆಸರು ಹಿಡಿದು ಫೋನು ಬಂತು. ವಯಸ್ಸಾದ ಗಂಡು ದನಿ.

"ನಾನ್ರೀ, ಪರಪ್ಪ. ಯಂತ್ರದ ಕೋಣೆಯಾಗ ಎಂಟೂ ನಿಂತಾವು. ಬ್ಯಾರೆ ಯಾರನ್ನೂ ಒಳಗ ಬಿಟ್ಟಿಲ್ಲ, ಮೊದಲ ಎಳಿ ನೋಡಿದ್ನಿ. ದೀಪ ಆರಿ ಕೆಟ್ಟಿದ್ದು ನೀಲೀದ್ರೀ, ನಿಮ್ಮದು." ಒಮ್ಮೆ ಕೆಮ್ಮಿದ. "ನೀಲಿ ಆಗಿದ್ದು ಚಲೋ ಆತು ಬಿಡ್ರಿ. ಹಳದೀದು ಕೆಟ್ಟಿದ್ರ ಯಾರ್ನ ಕರೀಲಿ ನಾನು? ಹೋದ ತಿಂಗಳ ಯಮ್ಮ ಹೋಗಿಬಿಟ್ಲು. ಸೊಂಟದಾಗ ಕೀಲಿ ಹಂಗ ಇತ್ತು."

ಆತ ಫೋನು ಹಿಡಿದು ಕಾದ.

"ಬರ್ತೀರೇನ್ರೀ?"

"ಬರ್ತೀನಿ" ಎಂದೆ.

ಊಟದ ಡಬ್ಬಿ ಅರ್ಧ ತೆರೆದಿತ್ತು. ಮುಚ್ಚಿಟ್ಟು, ಇಕ್ಕಳದ ಚೀಲ ಹೆಗಲಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತುಂಬ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಏನ್ ಹೊಸೀತಿದೀಯಮ್ಮ?" ಎಂದು ಕೇಳಿದಳು. ಬಗ್ಗಿ ನೋಡಿಕೊಂಡೆ. ನನ್ನ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು.